ಎಡಗಿವಿ

ಕರೆಂಟು ಬಿಲ್ಲಿನ ಬೆನ್ನ ಮೇಲೆ ಪೆನ್ಸಿಲ್ಲಿನಲ್ಲಿ ಬರೆದೆ:
ಗುರುವಾರ ಸಂಜೆ, ಅಂಕಾರಾದಿಂದ ರಾತ್ರಿ ರೈಲು.
ಶುಕ್ರವಾರ ಬೆಳಗ್ಗೆ ಇಜ್ಮಿರ್, ಸಮುದ್ರ.
ಆಮೇಲೆ ಎಲ್ಲವೂ ಕಾಲ ಮೇಲೆ, ಇಲ್ಲವೇ ನೀರ ಮೇಲೆ.
ಕೆಳಗೆ ಎರಡು ಗೆರೆ ಎಳೆದು:
ಟ್ಯಾಕ್ಸಿ ಬರುವುದಿಲ್ಲ.

ನೀನು ಓದಿದೆ, ತುರ್ಗಾಯ್,
ಪೊಲೀಸು ಕೊಟ್ಟ ದಂಡದ ಚೀಟಿ ಓದುವ ಹಾಗೆ.
"ಕಾರಲ್ಲಾದರೆ ಏಳೇ ಗಂಟೆ ನೆರ್ಮಿನ್,
ರೈಲಿಗೆ ಹದಿನಾಲ್ಕು."
ಅದಕ್ಕೇ, ಎಂದೆ ನಾನು.

ಕಾಲಿಗೆ ಚಕ್ರ ಕಟ್ಟಿಕೊಂಡವನು ನೀನು, ಇಪ್ಪತ್ತಮೂರು ವರ್ಷ.
ಯಾರ್ಯಾರನ್ನೋ ಮದುವೆಗೆ, ಯಾರ್ಯಾರನ್ನೋ ಹೆರಿಗೆಗೆ
ಹೊತ್ತಿಗೆ ಸರಿಯಾಗಿ ಮುಟ್ಟಿಸಿದವನು.
ನಮ್ಮಿಬ್ಬರನ್ನು ಎಲ್ಲಿ ಇಳಿಸಿಬಂದೆಯೋ, ಮರೆತೆ.
ಪಕ್ಕದ ಸೀಟಿನಲ್ಲಿ ಕೂತೂ ಕೂತೂ
ನನಗೆ ನಿನ್ನ ಬಲಗಿವಿಯಷ್ಟೇ ಬಾಯಿಪಾಠ.

ಕಾರಿನ ಕೀಲಿಯನ್ನು ಕೆಂಪು ಬೇಳೆಯ ಡಬ್ಬಿಯಲ್ಲಿ ಹೂತೆ.
ಮೀಟರಿಗೆ ಹಳೆಯ ದಿಂಬಿನ ಚೀಲ ಹೊದಿಸಿದೆ,
ಪಂಜರದ ಹಕ್ಕಿಗೆ ರಾತ್ರಿ ಹೊದಿಸುತ್ತಾರಲ್ಲ, ಹಾಗೆ.
ಒಂದೇ ಚೀಲ, ಆಳಿಗೊಂದು ಹಿಡಿ:
ನಿನ್ನ ಮಂಡಿನೋವಿನ ಮುಲಾಮು, ನನ್ನ ಚಪ್ಪಟೆ ಚಪ್ಪಲಿ,
ಮದುವೆಯಾದ ಹೊಸತರ ಹಸಿರು ಉಡುಪು
(ಜಿಪ್ಪು ಅರ್ಧಕ್ಕೇ ನಿಲ್ಲುತ್ತದೆ; ಮೇಲೊಂದು ಶಾಲು).
ಸಮುದ್ರ ಕಾಣುವ ಕೋಣೆಗೆ ದುಪ್ಪಟ್ಟು ಬಾಡಿಗೆ.
ಎರಡು ಬೀದಿ ಹಿಂದಿನದನ್ನು ಹಿಡಿದೆ.
ಸಮುದ್ರದ ತನಕ ನಡೆಯಬೇಕು,
ನಡೆಯುವುದೇ ತಾನೇ ನನ್ನ ಹಂಚಿಕೆ.

ರಾತ್ರಿ ರೈಲು ನಿಧಾನಿಸಿದಾಗಲೆಲ್ಲ
ನಿನ್ನ ಬಲಗಾಲು ನಿದ್ದೆಯಲ್ಲೇ ನೆಲ ಒತ್ತುತ್ತಿತ್ತು,
ಇಲ್ಲದ ಬ್ರೇಕು ಹುಡುಕುತ್ತ.
ಎಷ್ಟೋ ಹೊತ್ತಿನಲ್ಲಿ ಬೆಚ್ಚಿ ಕೇಳಿದೆ:
"ಯಾರು ಓಡಿಸ್ತಿರೋದು?"
ಯಾರೋ. ಮಲಗು.
ಮಲಗಿದೆ.

ಬಾಸ್ಮಾನೆ ನಿಲ್ದಾಣದ ಹೊರಗೆ ಹಳದಿ ಟ್ಯಾಕ್ಸಿಗಳ ಸಾಲು.
"ಬನ್ನಿ ಅಣ್ಣಾ" ಎಂದ ಹುಡುಗನಿಗೆ ನೀನು
ಎದೆಯ ಮೇಲೆ ಕೈಯಿಟ್ಟು, ತಪ್ಪು ಮಾಡಿದವನಂತೆ,
ನಡೆದುಬಿಟ್ಟೆ.
ಕೆಮೆರಾಲ್ತಿ ಪೇಟೆಯ ಸಂದಿಗಳಲ್ಲಿ ಎರಡು ಸಲ ದಾರಿ ತಪ್ಪಿತು.
ಮೊದಲ ಸಲ ಗೊಣಗಿದೆ, ಎರಡನೆಯ ಸಲ ನಕ್ಕೆ.
ದಾರಿ ತಪ್ಪಿ ನೀನು ನಕ್ಕದ್ದನ್ನು ನಾನು ಕಂಡದ್ದು ಅವತ್ತೇ.
ಯಾರ ಮೀಟರೂ ಓಡುತ್ತಿರಲಿಲ್ಲ.

ಸಂಜೆ ಕೊನಾಕ್ ದಕ್ಕೆಯಿಂದ ಹಡಗು.
ಇಲ್ಲಿಯವರು ಇಂಬತ್ ಎನ್ನುವ ಗಾಳಿ
ನನ್ನ ಶಾಲನ್ನು ಎತ್ತಿ, ನಿಂತ ಜಿಪ್ಪನ್ನು ಊರಿಗೇ ತೋರಿಸಿತು.
ಎಳ್ಳು ಹಚ್ಚಿದ ಗೆವ್ರೆಕ್ ಬಳೆಯನ್ನು ಮುರಿದೆವು,
ಅರ್ಧ ನಮಗೆ, ಅರ್ಧ ಬೆನ್ನು ಬಿದ್ದ ಕಡಲಹಕ್ಕಿಗಳಿಗೆ.
"ತಿರುವು ಇಷ್ಟು ಅಗಲಕ್ಕೆ ತಗೊಳ್ತಾರೇನು"
ಎಂದು ಕಾಣದ ಕಪ್ತಾನನನ್ನು ಬೈದು
ಜೇಬಿಗೆ ಕೈಹಾಕಿ ತೆಗೆದೆ:
ಇನ್ನೊಂದು ಕೀಲಿ!

ಬೇಳೆ ಡಬ್ಬಿಯ ನನ್ನ ಜಾಣತನ ಬೇಯಲಿಲ್ಲ.
ನೀರಿಗೆ ಎಸೆಯುತ್ತೀಯೆಂದು ಅರೆಗಳಿಗೆ ಆಸೆಪಟ್ಟೆ, ಸುಳ್ಳೇಕೆ.
ಎಸೆದರೆ ಸೋಮವಾರದ ರೊಟ್ಟಿಗೇನು ಗತಿ ಎಂದೂ ನಡುಗಿದೆ.
ನೀನು ಅದರ ಹಲ್ಲಿನಿಂದ
ಸೋಡಾ ಸೀಸೆಯ ಬಿರಡೆ ಎಬ್ಬಿಸಿ
ಮೊದಲ ಗುಟುಕು ನನಗೆ ಕೊಟ್ಟೆ.

ನಾನು ಎದ್ದು, ಸುತ್ತಿ ಬಂದು, ನಿನ್ನ ಎಡಕ್ಕೆ ಕೂತೆ.
ಕಿವಿಯ ಹಾಲೆಯ ಮೇಲೊಂದು ಎಳ್ಳು ಅಂಟಿತ್ತು,
ಹುರಿದ ಬಣ್ಣದ್ದು.
ಬೆರಳಿಂದ ಒರೆಸಿದೆ. ಹೋಗಲಿಲ್ಲ.
ಎಂಜಲು ಹಚ್ಚಿ ಒರೆಸಿದೆ.
"ಅದು ಮಚ್ಚೆ ಕಣೇ," ನೀನಂದೆ,
"ಹುಟ್ಟಿದಾಗಿನಿಂದ ಇದೆ."

ಕಾರ್ಶಿಯಾಕಾ ದಡ ಬಂತು.
ಸೈಕಲ್ಲುಗಳು, ಹೂವಿನ ಬುಟ್ಟಿ, ನಿದ್ದೆಹೋದ ಮಗು, ಎಲ್ಲ ಇಳಿದವು.
ನನ್ನ ಬೆರಳು ಇನ್ನೂ ಅಲ್ಲೇ ಇತ್ತು.
ಕೂತಿರೋಣ, ಎಂದೆ.
ಎಲ್ಲಿಗೆ ಎಂದು
ನೀನು ಕೇಳಲಿಲ್ಲ.