ಹಿಂದಿನ ಕಾಲು

ಉದ್ಯಮಬಾಗದಾಗ ಲೇಥ್ ಬಂದಾದ ಮ್ಯಾಲ
ದಸ್ತಗೀರ ಮೇಸ್ತ್ರಿ ಕಾಂಟೆಸಾದ ಡಿಕ್ಕಿ ಮ್ಯಾಲ
ಎರಡೂ ಕೈ ಊರಿ ಒತ್ತಿದ, ಬಿಟ್ಟ.
ಗಾಡಿ ಮೂರು ಸಲ ತಲಿ ಆಡಿಸ್ತು,
ನೋಡೋಣು ಅನ್ನುವಂಗ.

ಪುಣೆದಾಂವ ಹೇಳಿದ್ದ: ಗಟ್ಟಿ ಸ್ಪ್ರಿಂಗ್ ಹಾಕು, ನಾಲ್ವತ್ತು ಸಾವಿರ.
ರೊಕ್ಕ ಕಿಸೇದಾಗ ಬೆವರತಿತ್ತು.
ಮೇಸ್ತ್ರಿ ಅಡಿಗೆ ಹೊಕ್ಕು ರಬ್ಬರ್ ಬುಷ್ ಒಂದು ಬಿಚ್ಚಿ
ನನ್ನ ಅಂಗೈಗೆ ಹಾಕಿದ. ಹರಿದಿತ್ತು,
ಹಳೇ ಚಪ್ಪಲಿ ಉಂಗುಟದಂಗ.

"ಕ್ಲಚ್ ಬಿಟ್ಟಾಗ ಗಾಲಿ ಕುಪ್ಪಳಿಸೂದು ಇದಕ್ಕ.
ಸ್ಪ್ರಿಂಗ್ ಗಟ್ಟಿ ಮಾಡಿದ್ರ ಇನ್ನಷ್ಟು ಜಿಗಿತೈತಿ.
ಅಖಾಡದಾಗ ಪೈಲ್ವಾನನ್ನ ನೋಡಿಲ್ಲೇನು?
ಏಳೂಕಿಂತ ಮೊದಲ ಕುಂಡರ್ತಾನ,
ಹಿಂದಿನ ಕಾಲಿಗೆ ಮೈ ಕೊಟ್ಟು,
ಮಣ್ಣು ಹಿಡಿಯೂತನ."

ಸ್ಪ್ರಿಂಗ್ ಅವೇ ಉಳಿದವು.
ಶಾಕ್ ಎರಡು ಹೊಸಾವು. ತೋಳು ನಾಕು,
ಉದ್ದ ಹೊಂದಿಸುವಂಥಾವು,
ಅವನ ಮಗಳು ಶಮೀಮ ಕೊರೆದದ್ದು,
ಅರ್ಧ ಎಳಿ ತಪ್ಪಿಲ್ಲ.

ಐತವಾರ, ಕಾಲು ಮೈಲಿ. ಹಸಿರು ಬಿತ್ತು.
ಗಾಡಿ ಹಿಂದಕ್ಕ ಕುಂತಿತು,
ನನ್ನ ಬೆನ್ನು ಸೀಟಿನಾಗ ಹೂತಿತು,
ಆಮ್ಯಾಲ ಬರೇ ಗಾಳಿ.

ಗೆದ್ದಾಂವ ಕೊಲ್ಹಾಪುರದ ಹುಡುಗ.
ತಿರುಗಿ ಬಂದಾಗ ಮೇಸ್ತ್ರಿ ಡಾಂಬರಿನ ಮ್ಯಾಲ
ಕುಕ್ಕರಗಾಲೀಲೆ ಕುಂತು
ನಾ ಬಿಟ್ಟುಹೋದ ಎರಡು ಕರೀ ಗೆರಿ
ಬೆರಳಿಲೆ ಸವರಿ ನೋಡ್ತಿದ್ದ:
ಎಲ್ಲೂ ತುಂಡಾಗಿರಲಿಲ್ಲ.