ಐದು ಐವತ್ತೈದರ ಹವಾಮಾನ

ಬೆಳಗಿನ ಐದು ಐವತ್ತೈದು.
ಬೆಳಗು ಅನ್ನುವುದು ಬಾಯಿಮಾತಿಗೆ.
ಸೂರ್ಯ ಈ ಊರು ಬಿಟ್ಟು ಇಂದಿಗೆ ಒಂಬತ್ತು ದಿನ,
ಮರಳಿ ಬರಲು ಇನ್ನೂ ಹದಿನೆಂಟು.
ಮೈಕಿನ ಪಕ್ಕದ ಕೆಂಪು ದೀಪ ಹತ್ತಿತು, ಅದೇ ಉದಯ.

ಓದುತ್ತೇನೆ:
ಕೆಲೊವಾರ ಮತ್ತು ಸುತ್ತಲ ಹಳ್ಳಿಗಳಲ್ಲಿ
ಇಂದು ಬುಧವಾರ, ಸೊನ್ನೆಗಿಂತ ಇಪ್ಪತ್ತಾರು ಕೆಳಗೆ,
ಹೊಳೆಯ ತಗ್ಗಿನಲ್ಲಿ ಮೂವತ್ತು.
ಗಾಳಿ ವಾಯವ್ಯದಿಂದ, ಅಷ್ಟಕ್ಕಷ್ಟೆ.
ನಾಳೆ ಮೋಡ, ರಾತ್ರಿಯಿಂದ ಹಿಮ,
ಶುಕ್ರವಾರ ಇನ್ನಷ್ಟು ಹಿಮ,
ಶನಿವಾರ ತಿಳಿಯಾದ ಆಕಾಶ, ಮತ್ತೆ ಕಡುಚಳಿ.

ಓದುವವಳು ನಾನು, ಮಾಡುವವಳಲ್ಲ.
ಯಾರಿಗೆ ಹೇಳೋಣ?
ಹಾಲು ಹಿಡಿದು ಅಂಗಡಿಯ ಸಾಲಲ್ಲಿ ನಿಂತರೆ
ಬೆನ್ನ ಹಿಂದೆ ವೈನೊ: "ಏನಮ್ಮಾ ಐಲಿ,
ಈ ವಾರ ಸ್ವಲ್ಪ ಕೈ ಬಿಗಿ ಹಿಡಿಯಬಾರದಿತ್ತೆ?
ನನ್ನ ಡೀಸೆಲ್ಲು ಟ್ಯಾಂಕಿನಲ್ಲೇ ಗಂಜಿಯಾಯಿತು."
ಹಿಮ ನೂಕುವ ತಾಯ್ಸ್ತೊಗೆ ಗಂಟೆ ಲೆಕ್ಕದ ಕೂಲಿ.
ಅವನು ಮಾತ್ರ ಕಣ್ಣು ಮಿಟುಕಿಸುತ್ತಾನೆ,
ಗುರುವಾರದ ರಾತ್ರಿಯನ್ನು ನಾನೇ
ಗಂಟು ಕಟ್ಟಿ ಅವನ ಕೈಗಿತ್ತ ಹಾಗೆ.

ಹಾಳೆಯ ಕೊನೆಯ ಸಾಲು ಭಾನುವಾರದಿಂದ ಖಾಲಿ.
ಶಾಲೆಯಂಗಳದಲ್ಲಿ ಹಿಮದ ಆಳ, ಇಷ್ಟು ಸೆಂಟಿಮೀಟರು.
ಮೂವತ್ತೊಂದು ಚಳಿಗಾಲ ಆ "ಇಷ್ಟು" ತುಂಬಿದವನು ಉರ್ಹೊ.
ಐದೂವರೆಗೆ ಫೋನು. ನಮಸ್ಕಾರ ಇಲ್ಲ, ಹೇಗಿದ್ದೀ ಇಲ್ಲ.
"ಐವತ್ತೆಂಟು" ಅನ್ನುವನು. ಆಮೇಲೆ ಉಸಿರು.
ಆಮೇಲೆ ಕೊಸರು, ಒಂದೇ ಒಂದು ಮಾತು:
"ಹಿಟ್ಟು."
ಇನ್ನೊಂದು ದಿನ "ಸಕ್ಕರೆ."
ಗಟ್ಟಿಚಳಿಯಲ್ಲಿ "ಕಿರುಗುಟ್ಟುತ್ತದೆ."
ಒಮ್ಮೆ ಮಾರ್ಚಿಯಲ್ಲಿ, ಬಹಳ ಹೊತ್ತು ಸುಮ್ಮನಿದ್ದು, "ನರಿ ಬಂದಿತ್ತು."
ಅಂಕಿ ಓದಿದೆ, ದಿನವೂ.
ಕೊಸರನ್ನು ಓದಲಿಲ್ಲ.
ಅದಕ್ಕೆ ಹಾಳೆಯಲ್ಲಿ ಜಾಗವಿರಲಿಲ್ಲ.

ಶನಿವಾರ ಮಣ್ಣು.
ಮಣ್ಣು ಅನ್ನುವುದೂ ಇಲ್ಲಿ ಬಾಯಿಮಾತಿಗೇ,
ಒಂದು ಮೀಟರು ಆಳದವರೆಗೆ ನೆಲ ಕಬ್ಬಿಣ.
ಚರ್ಚಿನ ಹಿಂದೆ ಅವನ ಪಾಲಿನ ಆರಡಿಗೆ
ತಗಡು ಹೊದಿಸಿ, ಅಡಿಯಲ್ಲಿ ಬಿಸಿನೀರಿನ ಕೊಳವೆ ಹಾಸಿದ್ದಾರೆ.
ಊರಿಗೆ ಊರೇ ಹೆಪ್ಪುಗಟ್ಟಿ ಕೂತಿರುವಾಗ
ಅದೊಂದು ತುಂಡು ನೆಲ ಮಾತ್ರ ಹಬೆಯಾಡುತ್ತದೆ.
ಕಾಗೆಗಳು ಬಂದು ತಗಡಿನ ಅಂಚಿನಲ್ಲಿ
ಒಂದಾದ ಮೇಲೊಂದು ಕಾಲು ಕಾಸಿಕೊಳ್ಳುತ್ತವೆ.

ನಿನ್ನೆ ಸೆನ್ಯ ಬಂದಿದ್ದಳು, ಉರ್ಹೊನ ಹೆಂಡತಿ,
ಅವನ ಬೂಟು ಮೆಟ್ಟಿಕೊಂಡು.
ಕೇಳಿದ್ದು ಒಂದೇ: "ಶನಿವಾರ ಹೇಗಿದೆ?"
"ತಿಳಿ ಆಕಾಶ. ಮೂವತ್ತೊಂದಕ್ಕೆ ಇಳಿಯಬಹುದು."
"ಪೆಟ್ಟಿಗೆ ಹೊರುವವರಲ್ಲಿ ಇಬ್ಬರಿಗೆ ಎಂಬತ್ತು ದಾಟಿದೆ" ಅಂದಳು,
ದೂರಾಗಿ ಅಲ್ಲ, ಸುಮ್ಮನೆ, ಲೆಕ್ಕ ಹೇಳಿದಂತೆ.
ನನ್ನ ಕೈಯಲ್ಲಿದ್ದಿದ್ದರೆ ಹತ್ತು ಡಿಗ್ರಿ ಕದ್ದು
ಅವಳ ಚೀಲದಲ್ಲಿ ಹಾಕುತ್ತಿದ್ದೆ.
ಕಾಫಿ ಬಗ್ಗಿಸಿದೆ.
ಹೊರಟವಳು ಬಾಗಿಲಲ್ಲಿ ತಿರುಗಿ,
"ಕೋಲು ನೋಡಲು ಯಾರಾದರೂ ಹೋಗುತ್ತಾರಾ?"

ಇವತ್ತು ಹೋದೆ. ಟಾರ್ಚು, ಎರಡು ಕೈಗವಸು,
ರೆಪ್ಪೆಗೆ ರೆಪ್ಪೆ ಅಂಟುವ ಚಳಿ.
ಮಕ್ಕಳು ದಾಟದಂತೆ ಕಟ್ಟಿದ ಹಗ್ಗದಾಚೆ
ಕೋಲಿನವರೆಗೆ ಹೋದ ಹೆಜ್ಜೆಗಳು,
ಕೋಲಿನಿಂದ ಬಂದ ಹೆಜ್ಜೆಗಳು,
ಎಡಗಾಲು ಒಂಚೂರು ಎಳೆದ ಗೆರೆ ಸಮೇತ.
ಕಳೆದ ಶನಿವಾರದ್ದು.
ಆಮೇಲೆ ಒಂದು ಹನಿ ಹಿಮ ಬಿದ್ದಿಲ್ಲ,
ಬೀಳುವುದಿಲ್ಲ ಎಂದು ದಿನಾ ಓದಿದವಳೇ ನಾನು.
ಪಕ್ಕದಲ್ಲಿ ಹೊಸ ದಾರಿ ತುಳಿಯಲು ಮನಸ್ಸಾಗದೆ
ಅವನ ಕುಳಿಯಲ್ಲೇ ಕಾಲಿಟ್ಟು ನಡೆದೆ,
ಅವನ ಮಾರಿಗೆ ನನ್ನದು ಕುಪ್ಪಳ.
ಅಂದು ಅವನು ಹೇಳಿದ್ದು ಅರವತ್ತೆರಡು.
ಒಂದು ಸೆಂಟಿಮೀಟರು ಕುಗ್ಗಿದೆ.

ಕೆಂಪು ದೀಪ ಇನ್ನೂ ಉರಿಯುತ್ತಿದೆ.
ಗಾಜಿನಾಚೆ ಹುಡುಗ ಕೈ ತಿರುಗಿಸುತ್ತಿದ್ದಾನೆ, ಮುಗಿಸು, ಮುಗಿಸು.

ಶಾಲೆಯಂಗಳದಲ್ಲಿ ಹಿಮದ ಆಳ
ಅರವತ್ತೊಂದು ಸೆಂಟಿಮೀಟರು.

ಹೆಜ್ಜೆ ಕಾಣುತ್ತದೆ.
ನಾಳೆ ರಾತ್ರಿಯವರೆಗೆ.