ಈ ತುದಿ ಹಿಡಿ

ನಡಾವಳಿ ಪುಸ್ತಕದಲ್ಲಿ ವಿಷಯ ನಾಲ್ಕು:
ಯುವಜನರನ್ನು ತೊಡಗಿಸಿಕೊಳ್ಳುವ ಬಗ್ಗೆ.
ನನ್ನದೇ ಕೈಬರಹ. ಹನ್ನೊಂದು ತಿಂಗಳಿಂದ
ಅದರ ಕೆಳಗೆ ಒಂದೇ ಸಾಲು:
ಚರ್ಚಿಸಿ ಮುಂದೂಡಲಾಯಿತು.

ಹಗಲು ನಾನು ಬೀಗ ರಿಪೇರಿಯವನು.
ರಾತ್ರಿ, ಗಂಟೆ ಹೊಡೆದರೆ, ಬೆಂಕಿಯವನು.
ವಾಲ್ಪರೈಸೊದ ಈ ಗುಡ್ಡದಲ್ಲಿ
ಬೆಂಕಿ ಆರಿಸುವುದಕ್ಕೆ ಯಾರಿಗೂ ಸಂಬಳವಿಲ್ಲ,
ಬೂಟಿಗೂ ನಾವೇ ಚಂದಾ ಎತ್ತುತ್ತೇವೆ.
ಲಾರಿ ಚರ್ಚಿನ ತಿರುವಿನವರೆಗೆ ಬರುತ್ತದೆ, ಅಷ್ಟೆ.
ಅಲ್ಲಿಂದ ಮೇಲೆ ಇನ್ನೂರ ಹದಿನಾರು ಮೆಟ್ಟಿಲು,
ತಗಡಿನ ಮನೆ, ತಗಡಿನ ಮನೆ, ಕಡಲ ಗಾಳಿ.
ಪೈಪು ಹೆಗಲ ಮೇಲೆಯೇ ಹತ್ತಬೇಕು.
ಹೆಗಲುಗಳಿಗೋ ಅರವತ್ತು ದಾಟಿದೆ.

ಪೋಸ್ಟರ್ ಅಂಟಿಸಿದೆವು.
ಎಲೆಯುತೇರಿಯೊ ಪದಕ ಹಾಕಿಕೊಂಡು ಶಾಲೆಗೆ ಹೋಗಿ
ಸೇವೆ, ತ್ಯಾಗ, ನಾಳೆಯ ನಾಡು ಎಂದ.
ಹುಡುಗರು ಜೋರಾಗಿಯೇ ಚಪ್ಪಾಳೆ ತಟ್ಟಿದರು,
ಗಣಿತದ ಪೀರಿಯಡ್ ತಪ್ಪಿತಲ್ಲ ಎಂದು.
ಬಂದವರು ಸೊನ್ನೆ.
ಬರೆದೆ. ಮುಂದೂಡಿದೆ.

ಏಪ್ರಿಲ್‌ನ ಒಂದು ಭಾನುವಾರ
ತೊಳೆದ ಪೈಪು ಬೀದಿಯುದ್ದ ಮಲಗಿತ್ತು,
ಒಣಗಲು ಗೋಪುರಕ್ಕೆ ಏರಿಸಬೇಕು,
ಎಲೆಯುತೇರಿಯೊ ಸೊಂಟ ಹಿಡಿದು ಕೂತಿದ್ದ.
ಗೋಡೆಗೊರಗಿ ಸೂರ್ಯಕಾಂತಿ ಸಿಪ್ಪೆ ಉಗಿಯುತ್ತಿದ್ದಳು
ಹದಿನೈದರ ನಯಾರೆತ್,
ನಮ್ಮ ಷೆಡ್ಡಿನ ಬಾಗಿಲಿಗೆ ನೀಲಿಯಲ್ಲಿ
ತನ್ನ ಹೆಸರು ಗೀಚಿದವಳು, ಅವಳೇ.
ನಾನು ಸೇವೆ ಅನ್ನಲಿಲ್ಲ. ನಾಡು ಅನ್ನಲಿಲ್ಲ.
ಏ, ಈ ತುದಿ ಹಿಡಿ, ಅಂದೆ.

ಹಿಡಿದಳು.
ನೀರು ಉಳಿದ ಪೈಪಿನ ಭಾರ
ಕೈಗೆ ಗೊತ್ತಾಗುವ ಹೊತ್ತಿಗೆ ಮುಖದಲ್ಲಿ ಒಂದು ಸದ್ದಾಗುತ್ತದೆ,
ಸರಿಯಾದ ಕೀಲಿ ತಿರುಗಿದಾಗ ಬೀಗದೊಳಗೆ ಆಗುವಷ್ಟೇ.
"ಇದು ಸೋರುತ್ತೆ" ಎಂದಳು, ಬೈದ ಹಾಗೆ.
ಮುಂದಿನ ವಾರ ಯೆರ್ಕೊನನ್ನು ಕರೆತಂದಳು,
ಅವನು ತಮ್ಮನನ್ನು, ತಮ್ಮ ಇನ್ನಿಷ್ಟು ಜನರನ್ನು,
ಏಳು ಮಂದಿ, ಒಂದು ಕುಂಟು ನಾಯಿ.
ಪುಸ್ತಕದಲ್ಲಿ ನಾಯಿಗೆ ಕಾಲಂ ಇಲ್ಲ.

ಜೂನ್‌ನಲ್ಲಿ ಕೇಳಿದಳು:
ರಾತ್ರಿ ನಿಮಗೆ ಎಚ್ಚರವಾಗದಿದ್ದರೆ, ಕೀಲಿ ಯಾರ ಹತ್ತಿರ?
ಬೆಂಕಿ ಬಿದ್ದಾಗ ಬಾವಿ ತೋಡುವವರಲ್ಲ ನಾವು
ಎಂದು ಮೆರೆಯುತ್ತಿದ್ದವರು, ಸುಮ್ಮನಾದೆವು.
ಮೂವತ್ತು ವರ್ಷದಿಂದ ಅದು
ಎಲೆಯುತೇರಿಯೊನ ಸೊಂಟದಲ್ಲೇ ಇತ್ತು.
ಹುಡುಗಾಟದವರ ಕೈಗೆ ಬೀಗವೇ, ಎಂದ.
ಎರಡು ಸಭೆ ಜಗಳವಾಡಿದೆವು.
ಮೂರನೆಯದಕ್ಕೆ ಕಾಯದೆ ಅಂಗಡಿಗೆ ಹೋಗಿ
ಅರ ಹಿಡಿದು ಕೂತೆ.
ನಮ್ಮ ಕಸುಬಿನಲ್ಲಿ ಅದಕ್ಕೆ ಬೀಗದ ಕೈ ಎನ್ನುತ್ತೇವೆ.
ಏಳು ಕೈ ಕಡೆದೆ.

ಫೆಬ್ರವರಿಯಲ್ಲಿ, ನಸುಕಿನ ಮೂರಕ್ಕೆ, ಗಂಟೆ.
ಏದುಸಿರು ಬಿಡುತ್ತ ತಲುಪಿದರೆ ದೀಪ ಉರಿಯುತ್ತಿದೆ,
ಬಾಗಿಲು ಹಾರುಹೊಡೆದಿದೆ, ಪೈಪು
ಆಗಲೇ ಅರ್ಧ ಮೆಟ್ಟಿಲು ಏರಿದೆ.
ಉರಿಯ ಹತ್ತಿರ ಬಿಡುವುದಿಲ್ಲ, ಹದಿನೆಂಟಾಗಲಿ.
ಆದರೂ ನೂರೆಂಟನೇ ಮೆಟ್ಟಿಲಲ್ಲಿ, ಕತ್ತಲಲ್ಲಿ,
ಯಾರೋ ನನ್ನನ್ನು ಗದರಿಸಿದರು:
ಏ, ಈ ತುದಿ ಹಿಡಿ.

ವಿಷಯ ನಾಲ್ಕನ್ನು ಹೊಡೆದುಹಾಕೋಣವೆಂದು
ನಿನ್ನೆ ಪುಸ್ತಕ ತೆರೆದೆ.
ಕೆಳಗೆ, ಅದೇ ನೀಲಿಯಲ್ಲಿ, ಯಾರದೋ ಅಕ್ಷರ:
ಎರಡನೇ ಜೋಡಣೆ ಇನ್ನೂ ಸೋರುತ್ತಿದೆ.
ಮುಂದೂಡಬೇಡಿ.